ಹಿಂದಿನ ಟೈರ್ ನಡುವೆ ಬೋಳು: ಈಗ ಯಾವುದು ಹಾಕಿಸಲಿ?

ಪ್ರಶ್ನೆ: ನನ್ನದು 2022ರ ಕೆಟಿಎಂ ಆರ್‌ಸಿ 390 ಬೈಕ್. 11 ಸಾವಿರ ಕಿ.ಮೀ. ಓಡಿದೆ. ಹಿಂದಿನ ಟೈರ್ ನಡುವೆ ಪೂರ್ತಿ ಸವೆದಿದೆ, ಅಂಚಿನಲ್ಲಿ ಬಟನ್ ಹಾಗೇ ಇದೆ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬರ್ತೀನಿ, ಉಳಿದಂತೆ ಊರಲ್ಲೇ ಓಡಾಟ. ಅಂಗಡಿಯವರು 160 ಸೈಜ್ ಹಾಕಿಸಿ, ಲುಕ್ ಬರುತ್ತೆ ಅಂತಾರೆ. ಗೆಳೆಯ ಟ್ರ್ಯಾಕ್ ಟೈರ್ ಹಾಕ್ಸು, ರೋಡಿಗೆ ಅಂಟಿಕೊಂಡು ಹೋಗುತ್ತೆ ಅಂತಾನೆ. ಯಾರ ಮಾತು ಕೇಳಲಿ ಸರ್? ಮುಂದಿನ ಟೈರನ್ನೂ ಬದಲಿಸಬೇಕಾ?
(ವಿದ್ಯಾನಗರ, ದಾವಣಗೆರೆ)

ಉತ್ತರ: ಇಬ್ಬರದೂ ಬೇಡ. ನಿಮ್ಮ ಹಳೇ ಟೈರ್ ಏನು ಹೇಳುತ್ತಿದೆ ಅಂತ ಮೊದಲು ನೋಡಿ.

ನಡುವೆ ಸವೆದು ಅಂಚು ಉಳಿದಿದೆ ಅಂದರೆ ನಿಮ್ಮ ಗಾಡಿ ಜಾಸ್ತಿ ಓಡಿರುವುದು ನೆಟ್ಟಗೆ. ದಾವಣಗೆರೆ ಬಿಟ್ಟು ಚಿತ್ರದುರ್ಗ, ಹಿರಿಯೂರು ದಾಟಿ ತುಮಕೂರಿನವರೆಗೆ ಹೈವೇ 48ರಲ್ಲಿ ಗಾಡಿ ವಾಲಿಸುವ ತಿರುವು ಎಷ್ಟಿವೆ ಹೇಳಿ? ಅಷ್ಟೂ ದೂರ ಇಡೀ ಭಾರ, ಇಂಜಿನ್ನಿನ ಎಳೆತ ಎಲ್ಲ ಬೀಳುವುದು ನಡುವಿನ ಮೂರು ಬೆರಳಗಲದ ಪಟ್ಟಿಯ ಮೇಲೆ. ಗಾಡಿ ಸ್ಟ್ಯಾಂಡ್ ಹಾಕಿ ಹಿಂದಿನ ಟೈರ್ ಮೇಲೆ ಅಡ್ಡಡ್ಡ ಅಂಗೈ ಸವರಿ ನೋಡಿ. ಗುಂಡಗೆ ಇರಬೇಕಾದದ್ದು ನಡುವೆ ಚಪ್ಪಟೆಯಾಗಿ, ಅದು ಮುಗಿಯುವಲ್ಲಿ ಸಣ್ಣ ಏಣು ಸಿಗುತ್ತದೆ. ತಿರುವಿನಲ್ಲಿ ಗಾಡಿ ಮೊದಲು ವಾಲಲು ಒಪ್ಪದೆ, ಆಮೇಲೆ ಒಮ್ಮೆಲೇ ಬೀಳುವಂತೆ ಆಗುತ್ತೆ ಅಲ್ವಾ? ಆ ಏಣಿನದೇ ಕೆಲಸ ಅದು.

ಇಂಥ ಓಡಾಟಕ್ಕೆ ಬೇಕಾದದ್ದು ಎರಡು ಬಗೆಯ ರಬ್ಬರ್ ಇರುವ ಸ್ಪೋರ್ಟ್ ಟೂರಿಂಗ್ ಟೈರ್. ನಡುವೆ ಗಟ್ಟಿ ರಬ್ಬರ್, ಬೇಗ ಸವೆಯುವುದಿಲ್ಲ. ಅಂಚಿಗೆ ಮೆತ್ತನೆಯದು, ವಾಲಿಸಿದಾಗ ಹಿಡಿತ ಕೊಡುತ್ತೆ. ನೀರು ಹೊರಹಾಕಲು ಗೆರೆಗಳೂ ಸಾಕಷ್ಟು ಇರುತ್ತವೆ. ಮಿಶಲಿನ್ ರೋಡ್ 5 ಈ ಜಾತಿಯದು. ನಿಮ್ಮದೇ ಅಳತೆಯ ಟೈರ್ ಬಳಸುವ ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕಿಗೆ 2020ರಲ್ಲಿ ಕಂಪನಿಯೇ ಇದನ್ನು ಕೊಡಲು ಶುರು ಮಾಡಿತು. ಬೆಲೆ ಜಾಸ್ತಿ ಅನ್ನಿಸಿದರೆ ನಮ್ಮ ದೇಶದ ಕಂಪನಿಗಳ ರೇಡಿಯಲ್ (ಒಳಗಿನ ನೂಲು ಅಡ್ಡಡ್ಡ ನೆಟ್ಟಗೆ ಹೆಣೆದ) ಟೈರ್‌ಗಳೂ ಇವೆ. ಅಪೊಲೊ ಆಲ್ಫಾ ಎಚ್1, ಟಿವಿಎಸ್ ಯೂರೋಗ್ರಿಪ್ ಪ್ರೊಟಾರ್ಕ್ ಎಕ್ಸ್‌ಟ್ರೀಮ್ ಕೇಳಿ ನೋಡಿ.

ಟ್ರ್ಯಾಕ್ ಟೈರ್ ವಿಷಯ. ಅದು ಕೆಟ್ಟದ್ದಲ್ಲ, ನಿಮಗಲ್ಲ ಅಷ್ಟೇ. ಚೆನ್ನೈ, ಕೊಯಮತ್ತೂರಿನ ಟ್ರ್ಯಾಕ್‌ಗಳಲ್ಲಿ ಒಂದರ ಹಿಂದೊಂದು ತಿರುವು, ಜೋರು ಬ್ರೇಕು. ಟೈರ್ ಚೆನ್ನಾಗಿ ಕಾಯುತ್ತೆ, ಕಾದ ಮೇಲೇ ಅದರ ರಬ್ಬರ್ ಹಿಡಿಯುವುದು. ಬೆಳಿಗ್ಗೆ ಆರಕ್ಕೆ ಪಿ.ಬಿ. ರೋಡಿನಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ ಅದು ಕಾಯುವುದೆಲ್ಲಿ? ಮಳೆಯಲ್ಲಂತೂ ಗೆರೆಗಳೇ ಕಮ್ಮಿ. ಬೆಂಗಳೂರಿಗೆ ಹತ್ತು ಸಲ ಹೋಗಿ ಬರುವಷ್ಟರಲ್ಲಿ ನಡುವೆ ಮತ್ತೆ ಬೋಳು.

ಇನ್ನು 160. ನಿಮ್ಮದು 150/60 ಝಡ್‌ಆರ್ 17, ಅಂದರೆ ಅಗಲ 150 ಮಿ.ಮೀ., ಬದಿಯ ಎತ್ತರ ಅದರ ನೂರಕ್ಕೆ 60 ಭಾಗ, ರಿಮ್ 17 ಇಂಚು. ಹಿಂದಿನ ರಿಮ್ಮಿನ ಅಗಲ 4 ಇಂಚು. 160ರ ಟೈರನ್ನು ಸಾಮಾನ್ಯವಾಗಿ ತಯಾರಿಸುವುದು ನಾಲ್ಕೂವರೆ ಇಂಚಿನ ರಿಮ್ಮಿಗೆ. 4 ಇಂಚಿನದರಲ್ಲಿ ಕೂರುತ್ತೆ, ಇಲ್ಲ ಅನ್ನಲ್ಲ. ಆದರೆ ಎರಡೂ ಬದಿ ಒಳಕ್ಕೆ ಹಿಂಡಿ ನಡುಭಾಗ ಚೂಪಾಗುತ್ತೆ. ನೆಟ್ಟಗೆ ಹೋಗುವಾಗ ನೆಲಕ್ಕೆ ತಾಗುವ ಜಾಗ ಕಮ್ಮಿಯೇ ಆಗುತ್ತೆ. ದುಡ್ಡು ಕೊಟ್ಟು ಅಗಲದ ಟೈರ್ ತಂದು ಕಿರಿದು ಮಾಡಿಕೊಂಡಂತೆ! ಅಷ್ಟೇ ಅಲ್ಲ. 160/60 ಹಾಕಿದರೆ ಚಕ್ರದ ಎತ್ತರ 12 ಮಿ.ಮೀ. ಹೆಚ್ಚುತ್ತೆ, ಅಂದರೆ ಗಾಡಿಯ ಹಿಂಭಾಗ 6 ಮಿ.ಮೀ. ಮೇಲೇಳುತ್ತೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಎಳೆತಕ್ಕೆ ಹಿಂದಿನ ಚಕ್ರ ಜಾರದಂತೆ ತಡೆಯುವುದು) ಎರಡೂ ಮುಂದಿನ ಹಿಂದಿನ ಚಕ್ರ ತಿರುಗುವ ವೇಗ ಹೋಲಿಸಿ ನಡೆಯುವಂಥವು. ಕಂಪನಿ ಲೆಕ್ಕ ಹಾಕಿರುವುದು 150ಕ್ಕೆ. ಲುಕ್ ಬೇಕಿದ್ದರೆ ರಿಮ್ಮಿಗೆ ಸ್ಟಿಕ್ಕರ್ ಹಾಕಿಸಿ, ಅಗ್ಗ.

ಅಂಗಡಿಯಲ್ಲಿ ಅಳತೆ ನೋಡಿ ಸುಮ್ನೆ ಆಗಬೇಡಿ, ಅಳತೆಯ ಪಕ್ಕ 66 ಡಬ್ಲ್ಯು ಥರ ಬರೆದಿರುವುದನ್ನೂ ಓದಿ. 66 ಅಂದರೆ ಆ ಟೈರ್ 300 ಕಿಲೋ ಭಾರ ಹೊರುತ್ತೆ. ಡಬ್ಲ್ಯು ಅಂದರೆ ಗಂಟೆಗೆ 270 ಕಿ.ಮೀ.ವರೆಗೆ ತಾಳುತ್ತೆ, ಎಚ್ ಅಂದರೆ 210. ನನ್ನ ಗಾಡಿ ಅಷ್ಟು ಓಡಲ್ವಲ್ಲ ಅನ್ನಬೇಡಿ. ವೇಗಕ್ಕೆ ಹುಟ್ಟುವ ಬಿಸಿ ತಾಳುವ ಶಕ್ತಿಯ ಗುರುತು ಅದು. ಏಪ್ರಿಲ್ ಮಧ್ಯಾಹ್ನ, ಹಿಂದೆ ಇನ್ನೊಬ್ಬರು ಕೂತಿದ್ದಾರೆ, ಚಿತ್ರದುರ್ಗದ ಕಾದ ರಸ್ತೆ. ಆಗ ಅದು ಲೆಕ್ಕಕ್ಕೆ ಬರುತ್ತೆ. ಗಾಡಿಯ ಜೊತೆ ಬಂದ ಬುಕ್ಕಿನಲ್ಲಿ ಹೇಳಿದ್ದಕ್ಕಿಂತ ಕೆಳಗಿನದು ಬೇಡ.

ಹಾಗೇ ಪಕ್ಕದಲ್ಲಿ ಉದ್ದನೆಯ ಗೂಡಿನೊಳಗೆ ನಾಲ್ಕು ಅಂಕಿ ಇರುತ್ತೆ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ವರ್ಷ ಹಳೆಯದಾದರೆ ಚಿಂತೆಯಿಲ್ಲ. ಮೂರ್ನಾಲ್ಕು ವರ್ಷ ಗೋಡೌನಿನಲ್ಲಿ ಕೂತದ್ದನ್ನು ಆಫರ್ ಅಂತ ಕೊಟ್ಟರೆ ಬಿಟ್ಟುಬನ್ನಿ.

ಮುಂದಿನ ಟೈರಲ್ಲೂ ಅದೇ ಅಂಕಿ ಓದಿ. ಗೆರೆಯೊಳಗಿನ ಸವೆತದ ಗುರುತಿಗೆ ಬಟನ್ ಸಮವಾಗಿದ್ದರೆ, ಬದಿಯಲ್ಲಿ ಬಿರುಕಿದ್ದರೆ ಬದಲಿಸಿ. ಎರಡೂ ಇಲ್ಲ, ಆದರೂ ಕೈಯಲ್ಲಿ ದುಡ್ಡಿದೆ ಅಂದರೆ ಜೋಡಿಯಾಗಿ ಒಂದೇ ಕಂಪನಿಯದು ಹಾಕಿಸಿ. ನನ್ನ ಓಟು ಅದಕ್ಕೇ. ಹಿಂದೆ ಹೊಸ ಗುಂಡು ಟೈರ್, ಮುಂದೆ ಸವೆದ ಹಳೆಯದು ಇದ್ದರೆ ತಿರುವಿನಲ್ಲಿ ಗಾಡಿಯ ನಡೆ ಹೊಂದುವುದಿಲ್ಲ.

ಹಾಕಿಸುವುದು ಟೈರ್ ಬಿಚ್ಚುವ ಮಷಿನ್ ಇರುವ ಕಡೆ ಮಾತ್ರ. ರಾಡ್ ಹಾಕಿ ಎಬ್ಬಿದರೆ ಅಲಾಯ್ ಅಂಚು ಗೀರುತ್ತೆ. ಪಕ್ಕದಲ್ಲೇ ನಿಂತುಕೊಳ್ಳಿ. ಚಕ್ರವನ್ನು ಡಿಸ್ಕ್ ಕೆಳಗಾಗಿ ನೆಲಕ್ಕೆ ಮಲಗಿಸಲು ಬಿಡಬೇಡಿ, ಡಿಸ್ಕೂ ಎಬಿಎಸ್ ರಿಂಗೂ ಡೊಂಕಾಗುತ್ತವೆ. ಟೈರ್ ಮೇಲಿನ ಬಾಣ ಚಕ್ರ ತಿರುಗುವ ಕಡೆಗಿರಲಿ. ವಾಲ್ವ್ ಹೊಸದು, ಬ್ಯಾಲೆನ್ಸಿಂಗ್ ಕಡ್ಡಾಯ. ಚೈನ್ ಎಷ್ಟು ಸಡಿಲ ಇದೆ ನೋಡಿಯೇ ಹೊರಡಿ.

ಮೊದಲ 150–200 ಕಿ.ಮೀ. ಮೆಲ್ಲಗೆ ಓಡಿಸಿ, ಹೊಸ ರಬ್ಬರಿನ ಮೇಲ್ಪದರ ಜಾರುತ್ತೆ. ಇನ್ನೊಂದು ಮಾತು. ಸುಗ್ಗಿಯಲ್ಲಿ ನಮ್ಮ ಕಡೆ ಹಳ್ಳಿ ರಸ್ತೆ, ಸರ್ವೀಸ್ ರಸ್ತೆ ತುಂಬಾ ಮೆಕ್ಕೆಜೋಳ ಹರವಿರುತ್ತಾರೆ. ಆ ಕಾಳಿನ ಮೇಲೆ ಎಷ್ಟು ದುಡ್ಡಿನ ಟೈರೂ ಹಿಡಿಯಲ್ಲ.

ಪ್ರಶ್ನೆ: ಯಮಹಾ ಆರ್15 ಬೈಕಿನ ಹಿಂದಿನ ಟೈರ್ 140/70 ಆರ್ 17. ಅದೇ ಅಳತೆಯಲ್ಲಿ ‘ಆರ್’ ಇಲ್ಲದ್ದು ಕಡಿಮೆ ಬೆಲೆಗೆ ಸಿಗುತ್ತಿದೆ. ಹಾಕಿಸಬಹುದಾ? (ಚಿತ್ರದುರ್ಗ)

ಉತ್ತರ: ಬೇಡ. ಆರ್ ಅಂದರೆ ರೇಡಿಯಲ್, ಆ ಜಾಗದಲ್ಲಿ ಸಣ್ಣ ಅಡ್ಡಗೆರೆ (-) ಇದ್ದರೆ ಬಯಾಸ್, ಅಂದರೆ ನೂಲು ಓರೆಯಾಗಿ ಹೆಣೆದದ್ದು. ಒಳಗಿನ ನೂಲಿನ ಹೆಣಿಗೆಯೇ ಬೇರೆ. ಹೈವೇ ವೇಗದಲ್ಲಿ ರೇಡಿಯಲ್ ಕಡಿಮೆ ಬಿಸಿಯಾಗುತ್ತೆ. ಕಂಪನಿ ಹಿಂದಕ್ಕೆ ರೇಡಿಯಲ್ ಕೊಟ್ಟಿದ್ದರೆ ರೇಡಿಯಲ್ಲೇ ಹಾಕಿಸಿ. ಜೋಗಿಮಟ್ಟಿ ಏರುವಾಗ ಉಳಿಸಿದ ದುಡ್ಡು ನೆನಪಾಗಲ್ಲ.

ಪ್ರಶ್ನೆ: ನೈಟ್ರೋಜನ್ ಹಾಕಿಸಿದರೆ ಟೈರ್ ಬಾಳಿಕೆ ಬರುತ್ತಾ? (ಹಿರಿಯೂರು)

ಉತ್ತರ: ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಪುಕ್ಕಟೆ ಹಾಕಿದರೆ ಹಾಕಿಸಿ. ಯಾವುದು ತುಂಬಿಸಿದರೂ ವಾರಕ್ಕೊಮ್ಮೆ ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ಗಾಳಿ ಎಷ್ಟಿದೆ ನೋಡಿ. ಬಂಕಿನವರೆಗೆ ಓಡಿಸಿ ಟೈರ್ ಬಿಸಿಯಾದ ಮೇಲೆ ಗೇಜ್ ಜಾಸ್ತಿ ತೋರಿಸುತ್ತೆ. ಅದಕ್ಕೇ ಮನೆಯಲ್ಲೊಂದು ಗೇಜ್ ಇಟ್ಟುಕೊಳ್ಳಿ.