ಹಬೆ ಚಿಕಿತ್ಸೆಗೆ ಮುಂಚೆ ಪಿಎಸ್‌ಎ ಸರಿಯಾಗಿ ಓದಿಸಿ

ಪ್ರಶ್ನೆ: ಡಾಕ್ಟ್ರೇ, ನನಗೆ 66 ವರ್ಷ. ಬಸ್ ಡ್ರೈವರ್ ಆಗಿ ರಿಟೈರ್ ಆಗಿದ್ದೇನೆ. ರಾತ್ರಿ ನಾಲ್ಕು ಸಲ ಏಳಬೇಕು, ಎದ್ದರೂ ಮೂತ್ರ ಶುರುವಾಗಲು ನಿಂತು ಕಾಯಬೇಕು. ಸ್ಕ್ಯಾನಿಂಗ್‌ನಲ್ಲಿ ಪ್ರೊಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) 52 ಗ್ರಾಂ, ಮೂತ್ರ ಹೋದ ಮೇಲೂ 110 ಎಂ.ಎಲ್. ಉಳಿದಿದೆ. ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 2.8, ನಾರ್ಮಲ್ ಎಂದರು. ಒಂದು ವರ್ಷದಿಂದ ಟ್ಯಾಮ್ಸುಲೋಸಿನ್, ಡ್ಯುಟಾಸ್ಟರೈಡ್ ಸೇರಿದ ಮಾತ್ರೆ ತಗೊಳ್ಳುತ್ತಿದ್ದೇನೆ. ಎದ್ದು ನಿಂತರೆ ತಲೆ ತಿರುಗುತ್ತದೆ. ಈಗ ಟಿಯುಆರ್‌ಪಿ (ಮೂತ್ರನಾಳದ ಮೂಲಕ ಪ್ರೊಸ್ಟೇಟ್ ಕೆರೆದು ತೆಗೆಯುವ) ಆಪರೇಷನ್ ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ಮಗ ‘ಕೆರೆಯೋದು ಬೇಡ, ಹಬೆಯಲ್ಲೇ ಮಾಡ್ತಾರೆ’ ಅನ್ನುತ್ತಾನೆ. ಆಪರೇಷನ್ ಆದರೆ ಗಂಡ ಹೆಂಡತಿ ಸಂಬಂಧಕ್ಕೆ ತೊಂದರೆಯೇ? ಡ್ಯೂಟಿಯಲ್ಲಿ ಗಂಟೆಗಟ್ಟಲೆ ಮೂತ್ರ ಕಟ್ಟಿಕೊಂಡಿದ್ದಕ್ಕೇ ಹೀಗಾಯಿತೇ?
– ಹೆಸರು ಬೇಡ, ಹಾಸನ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಡ್ಯೂಟಿಗೂ ಇದಕ್ಕೂ ಸಂಬಂಧ ಇಲ್ಲ. ಪ್ರೊಸ್ಟೇಟ್ ದೊಡ್ಡದಾಗುವುದು ವಯಸ್ಸಿನಿಂದ, ಗಂಡು ಹಾರ್ಮೋನಿನಿಂದ. ಆ ಕೊರಗು ಬಿಟ್ಟುಬಿಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪಿಎಸ್‌ಎ, ಅಂದರೆ ಪ್ರೊಸ್ಟೇಟ್ ಕ್ಯಾನ್ಸರ್ ಅನುಮಾನ ಇದೆಯೇ ಅಂತ ನೋಡುವ ರಕ್ತಪರೀಕ್ಷೆ. ಡ್ಯುಟಾಸ್ಟರೈಡ್ ಆರು ತಿಂಗಳಿಗಿಂತ ಜಾಸ್ತಿ ತಗೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಿಮ್ಮ 2.8 ಅನ್ನು ಎರಡರಿಂದ ಗುಣಿಸಿ ಓದಬೇಕು. 5.6 ಆಯಿತು. ಇದು ಕ್ಯಾನ್ಸರ್ ಅಂತಲ್ಲ, ಹೆದರಬೇಡಿ. ಪ್ರೊಸ್ಟೇಟ್ ದೊಡ್ಡದಾಗಿದ್ದರೂ ಪಿಎಸ್‌ಎ ಏರುತ್ತದೆ. ಆದರೆ ಲ್ಯಾಬಿನವರು ರಿಪೋರ್ಟಿನ ಪಕ್ಕದಲ್ಲಿ ‘4ರ ಒಳಗೆ’ ಅಂತ ಹಾಕಿರುತ್ತಾರಲ್ಲ, ಆ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಮಾತ್ರೆ ಶುರುವಾಗುವ ಮುಂಚಿನ ರಿಪೋರ್ಟ್ ಮನೆಯಲ್ಲಿದ್ದರೆ ಹುಡುಕಿ, ಎರಡನ್ನೂ ಯೂರಾಲಜಿಸ್ಟ್ ಮುಂದಿಡಿ. ಅವರು ಗುದದ್ವಾರದಿಂದ ಬೆರಳಲ್ಲಿ ಮುಟ್ಟಿ ಪರೀಕ್ಷಿಸುತ್ತಾರೆ, ಬೇಕೆನಿಸಿದರೆ ಎಂಆರ್‌ಐ ಹೇಳುತ್ತಾರೆ. ಟಿಯುಆರ್‌ಪಿಯಲ್ಲಿ ಕೆರೆದು ತೆಗೆದ ಚೂರುಗಳನ್ನು ಬಯಾಪ್ಸಿಗೆ ಕಳಿಸುತ್ತಾರೆ. ಹಬೆಯಲ್ಲಿ ಕಳಿಸಲು ಚೂರೇ ಸಿಗುವುದಿಲ್ಲ. ಅದಕ್ಕೇ ಕ್ಯಾನ್ಸರ್ ಅನುಮಾನ ಮೊದಲೇ ಬಗೆಹರಿಯಬೇಕು.

ಮಗ ಹೇಳಿದ ಚಿಕಿತ್ಸೆಯ ಹೆಸರು ರೆಜೂಮ್. ಮೂತ್ರನಾಳದ ಮೂಲಕ ತೆಳು ಕೊಳವೆ ಹಾಕಿ, ಸೂಜಿಯಿಂದ ಪ್ರೊಸ್ಟೇಟಿನ ಒಂದೊಂದು ಜಾಗಕ್ಕೆ 9 ಸೆಕೆಂಡು ಹಬೆ ಬಿಡುತ್ತಾರೆ. ಬೆಂದ ಭಾಗವನ್ನು ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 30ರಿಂದ 80 ಗ್ರಾಂ ಇರುವವರಿಗೆ ಮಾಡುತ್ತಾರೆ, ನೀವು ಆ ಅಳತೆಯೊಳಗೇ ಇದ್ದೀರಿ. ಆದರೆ ಮಾರನೇ ದಿನವೇ ಹಗುರಾಗುತ್ತದೆ ಅಂದುಕೊಳ್ಳಬೇಡಿ. ಮೊದಲು ಊದಿಕೊಳ್ಳುತ್ತದೆ. ಕೆಲವು ದಿನ ಕ್ಯಾಥೆಟರ್ (ಮೂತ್ರ ಹೊರಬಿಡುವ ಕೊಳವೆ) ಹಾಕಿಕೊಂಡೇ ಇರಬೇಕು, ಆಮೇಲೂ ಒಂದಷ್ಟು ದಿನ ಉರಿ, ಅವಸರ ಇರುತ್ತದೆ. ಪೂರ್ತಿ ಗುಣ ಕಾಣಲು ಮೂರು ತಿಂಗಳು ಹಿಡಿಯಬಹುದು.

ಯುರೋಲಿಫ್ಟ್ ಅಂತ ಇನ್ನೊಂದಿದೆ. ಅದರಲ್ಲಿ ಏನನ್ನೂ ಸುಡುವುದಿಲ್ಲ, ಸಣ್ಣ ಕ್ಲಿಪ್ಪುಗಳಿಂದ ಪ್ರೊಸ್ಟೇಟಿನ ಎರಡು ಹಾಲೆಗಳನ್ನು ಬದಿಗೆ ಎಳೆದು ಕಟ್ಟುತ್ತಾರೆ. ಮಧ್ಯದ ಹಾಲೆ ಮೂತ್ರಕೋಶದೊಳಕ್ಕೆ ಚಾಚಿದ್ದರೆ ಅದು ಅಷ್ಟಾಗಿ ಹೊಂದುವುದಿಲ್ಲ. ರಕ್ತನಾಳದ ಮೂಲಕ ಹೋಗಿ ಪ್ರೊಸ್ಟೇಟಿಗೆ ರಕ್ತ ಕಡಿಮೆ ಮಾಡುವ ವಿಧಾನವೂ ಇದೆ. ಅದನ್ನು ಮಾಡುವವರು ರೇಡಿಯಾಲಜಿ ಡಾಕ್ಟರು.

ಸಂಬಂಧದ ವಿಚಾರ ಕೇಳಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಬಾಯಿಬಿಡುವುದೇ ಇಲ್ಲ. ಟಿಯುಆರ್‌ಪಿ ಆದ ಮೇಲೆ ಹೆಚ್ಚಿನವರಲ್ಲಿ ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹೋಗುತ್ತದೆ. ಆಮೇಲೆ ಮೂತ್ರದ ಜೊತೆ ಬಂದುಬಿಡುತ್ತದೆ, ಅದರಿಂದ ಅಪಾಯ ಇಲ್ಲ. ಸುಖದ ಅನುಭವ ಉಳಿಯುತ್ತದೆ, ನಿಮಿರುವಿಕೆಯೂ ಬಹುಪಾಲು ಜನರಿಗೆ ಮೊದಲಿನಂತೆಯೇ ಇರುತ್ತದೆ. ಹಬೆ, ಕ್ಲಿಪ್ಪುಗಳಲ್ಲಿ ಈ ತೊಂದರೆ ಅಪರೂಪ. ಈಗಾಗಲೇ ಏನಾದರೂ ಬದಲಾವಣೆ ಕಂಡಿದ್ದರೆ ಅದು ನಿಮ್ಮ ಮಾತ್ರೆಯಿಂದಲೂ ಆಗಿರಬಹುದು.

ಧಾರೆ ಜೋರಾಗಬೇಕು, ಮತ್ತೆ ಈ ಕಡೆ ಬರುವ ಗೋಜೇ ಬೇಡ ಅನ್ನುವವರಿಗೆ ಇವತ್ತಿಗೂ ನಾನು ಟಿಯುಆರ್‌ಪಿ ಅಥವಾ ಲೇಸರ್ ಅನ್ನೇ ಹೇಳುತ್ತೇನೆ. ಮೂತ್ರ ಪೂರ್ತಿ ಕಟ್ಟಿದ್ದು, ಮೂತ್ರಕೋಶದಲ್ಲಿ ಕಲ್ಲು, ಕಿಡ್ನಿ ಊತ, ಪದೇ ಪದೇ ಸೋಂಕು ಇದ್ದವರಿಗೂ ಅದೇ. ನಿಮ್ಮ ಪತ್ರದಲ್ಲಿ ಇವ್ಯಾವುವೂ ಇಲ್ಲ. ಪಿಎಸ್‌ಎ ವಿಚಾರ ತೀರಿದ ಮೇಲೆ, ಸಂಬಂಧದ ಚಿಂತೆಯೇ ದೊಡ್ಡದಾದರೆ, ಹಬೆಯ ಬಗ್ಗೆ ಧಾರಾಳವಾಗಿ ಕೇಳಿ.

ಅಷ್ಟರಲ್ಲಿ ಒಂದು ಕೆಲಸ ಮಾಡಿ. ಅಳತೆ ಗೆರೆ ಇರುವ ಪ್ಲಾಸ್ಟಿಕ್ ಜಗ್ಗು ತಂದು, ಮೂರು ದಿನ ಪ್ರತಿ ಸಲ ಎಷ್ಟು ಮೂತ್ರ ಹೋಯಿತು, ಎಷ್ಟು ಗಂಟೆಗೆ ಅಂತ ಬರೆದಿಡಿ. ಬೆಳಗ್ಗೆ ಎದ್ದಾಗಿನದನ್ನೂ ರಾತ್ರಿಗೇ ಸೇರಿಸಿ. ರಾತ್ರಿಯದು ದಿನದ ಒಟ್ಟು ಮೂತ್ರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ, ರಾತ್ರಿ ಏಳುವುದಕ್ಕೆ ಬೇರೆ ಕಾರಣವೂ ಇದೆ. ಬರೀ ಪ್ರೊಸ್ಟೇಟ್ ಸರಿ ಮಾಡಿಸಿದರೆ ನಿದ್ದೆ ಸಿಗುವುದಿಲ್ಲ. ಶುಗರ್ ಕೂಡ ನೋಡಿಸಿ.

ತಲೆ ತಿರುಗುವುದನ್ನು ನಿಮ್ಮ ಡಾಕ್ಟರಿಗೆ ಹೇಳಿ, ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕೂತು ಆಮೇಲೆ ಏಳಿ. ಕಣ್ಣಿನ ಪೊರೆ ಆಪರೇಷನ್ ಏನಾದರೂ ಇದ್ದರೆ ಟ್ಯಾಮ್ಸುಲೋಸಿನ್ ತಗೊಳ್ಳುತ್ತಿರುವುದನ್ನು ಕಣ್ಣಿನ ಡಾಕ್ಟರಿಗೆ ತಿಳಿಸಲೇಬೇಕು. ನೆಗಡಿಗೆ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗಬೇಡಿ, ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟಿಬಿಡುತ್ತದೆ. ಹಾಗೇನಾದರೂ ಆದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.