ಒಬ್ಬರು ಮಾಂಸ ಬಿಟ್ಟರೆ ಉತ್ಪಾದನೆ ತಗ್ಗುತ್ತದೆಯೇ?

ನೀವೊಬ್ಬರೇ ಮಾಂಸ ತ್ಯಜಿಸಿದರೆ ಒಂದಾದರೂ ಪ್ರಾಣಿ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಉಳಿಯುತ್ತದೆ ಎಂದೇ ನನ್ನ ದೃಢವಾದ ಅಭಿಪ್ರಾಯ, ಆದರೆ ಲೆಕ್ಕ ಅಷ್ಟು ನೇರವಲ್ಲ.

ಅಂಗಡಿಯವರು ಮಾಂಸವನ್ನು ಪೆಟ್ಟಿಗೆಗಳ ಲೆಕ್ಕದಲ್ಲಿ ತರಿಸುತ್ತಾರೆ, ಸಾಕಣೆದಾರರು ಸಾವಿರಾರು ಮರಿಗಳನ್ನು ಒಟ್ಟಿಗೆ ಬೆಳೆಸುತ್ತಾರೆ. ಹೀಗಾಗಿ ನೀವು ಕೊಳ್ಳದೆ ಬಿಟ್ಟದ್ದರಿಂದ ಹೆಚ್ಚಿನ ಸಲ ಏನೂ ಬದಲಾಗದಿರಬಹುದು; ಆದರೆ ಯಾವುದೋ ಒಂದು ಸಲ, ಆಗಲೇ ಕುಗ್ಗಿದ್ದ ಮಾರಾಟಕ್ಕೆ ನಿಮ್ಮ ಪಾಲೂ ಸೇರಿ ಒಂದಿಡೀ ಪೆಟ್ಟಿಗೆಯೇ ರದ್ದಾಗುತ್ತದೆ. ಅಪರೂಪದ ಆ ದೊಡ್ಡ ಪರಿಣಾಮವನ್ನು ಎಲ್ಲ ಸಲಗಳಿಗೂ ಹಂಚಿ ನೋಡಿದರೆ ಸರಾಸರಿ ಶೂನ್ಯವಾಗುವುದಿಲ್ಲ.

ಹಾಗೆಂದು ನೀವು ಬಿಟ್ಟಷ್ಟೂ ಉತ್ಪಾದನೆ ತಗ್ಗುವುದಿಲ್ಲ, ಏಕೆಂದರೆ ಬೇಡಿಕೆ ತಗ್ಗಿದಾಗ ಬೆಲೆ ಕೊಂಚ ಇಳಿದು ಇತರರು ತುಸು ಹೆಚ್ಚು ಕೊಳ್ಳುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬೈಲಿ ನಾರ್ವುಡ್ ಮತ್ತು ಜೇಸನ್ ಲಸ್ಕ್ 2011ರಲ್ಲಿ ಅಂದಾಜಿಸಿದಂತೆ, ಒಂದು ಮೊಟ್ಟೆ ಬಿಟ್ಟರೆ ಉತ್ಪಾದನೆ ಸುಮಾರು 0.91 ಮೊಟ್ಟೆಯಷ್ಟು, ಒಂದು ಪೌಂಡ್ ದನದ ಮಾಂಸ ಬಿಟ್ಟರೆ ಸುಮಾರು 0.68 ಪೌಂಡಿನಷ್ಟು ಕಡಿಮೆಯಾಗುತ್ತದೆ.

ಪ್ರಾಣಿಗಳ ಸಂಖ್ಯೆಯೇ ನಿಮ್ಮ ಕಾಳಜಿಯಾದರೆ ದಯವಿಟ್ಟು ಮೊದಲು ಕೋಳಿ ಮತ್ತು ಮೊಟ್ಟೆಯನ್ನು ಬಿಡಿ. ದನದ ಮಾಂಸ ಬಿಟ್ಟು ಅಷ್ಟೇ ತೂಕದ ಕೋಳಿಮಾಂಸ ತಿಂದರೆ, ಕೋಳಿಯ ಗಾತ್ರ ಚಿಕ್ಕದಾದ್ದರಿಂದ, ಸಾಯುವ ಪ್ರಾಣಿಗಳ ಸಂಖ್ಯೆ ಹೆಚ್ಚುತ್ತದೆ.