ಹಣ್ಣು, ಬೀಜಗಳ ಸಲಾಡ್ ನೀರೊಡೆಯದಿರಲು

ಪ್ರಶ್ನೆ: ಚಳಿಗಾಲದಲ್ಲಿ ಸೇಬು, ಕಿತ್ತಳೆ, ದಾಳಿಂಬೆಗಳ ಜೊತೆ ಬಾದಾಮಿ, ಅಕ್ರೋಟು ಸೇರಿಸಿ ಸಲಾಡ್ ಮಾಡುತ್ತೇನೆ. ಅರ್ಧ ಗಂಟೆಯೊಳಗೆ ಸೇಬು ಕಂದುಬಣ್ಣಕ್ಕೆ ತಿರುಗುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ, ಬೀಜಗಳು ಮೆತ್ತಗಾಗುತ್ತವೆ. ಏನು ಮಾಡಬೇಕು?

ಉತ್ತರ: ಎಲ್ಲವನ್ನೂ ಒಟ್ಟಿಗೆ ಹೆಚ್ಚಿ, ಬೆರೆಸಿ ಇಟ್ಟುಬಿಡುವುದರಿಂದಲೇ ಈ ಮೂರೂ ತೊಂದರೆಗಳು ಹೆಚ್ಚುತ್ತವೆ. ಒಂದೊಂದನ್ನೂ ಅದರ ಸ್ವಭಾವಕ್ಕೆ ತಕ್ಕಂತೆ ಬೇರೆಯಾಗಿ ಅಣಿಗೊಳಿಸಿಕೊಂಡು, ಬಡಿಸುವ ಹೊತ್ತಿಗೆ ಕೂಡಿಸಿ. ನಾಲ್ವರಿಗೆ ಎರಡು ಸೇಬು, ಎರಡು ಕಿತ್ತಳೆ, ಒಂದು ದಾಳಿಂಬೆ ಮತ್ತು ಸುಮಾರು 60 ಗ್ರಾಂ ಬೀಜಗಳು ಸಾಕು.

ಕಿತ್ತಳೆಯಿಂದ ಆರಂಭಿಸಿ, ಏಕೆಂದರೆ ತಳದಲ್ಲಿ ನಿಲ್ಲುವ ನೀರಿನ ಬಹುಪಾಲು ಅದರದೇ. ಬಿಳಿ ನಾರನ್ನೂ ತೊಳೆಗಳ ಮೇಲಿನ ಪೊರೆಯನ್ನೂ ತೆಗೆದು, ತಿರುಳನ್ನು ಜರಡಿಯಲ್ಲಿ ಹಾಕಿ ಹತ್ತು ನಿಮಿಷ ಬಿಡಿ. ಕೆಳಗೆ ಇಳಿದ ರಸವನ್ನು ಚೆಲ್ಲದೆ ಎತ್ತಿಡಿ. ದಾಳಿಂಬೆಯನ್ನು ನೀರಿನ ಪಾತ್ರೆಯೊಳಗೇ ಬಿಡಿಸಿದರೆ ಕಾಳುಗಳು ಮುಳುಗುತ್ತವೆ, ಒಗರಾದ ಬಿಳಿ ಪೊರೆ ತೇಲುತ್ತದೆ. ಆ ಕಾಳುಗಳನ್ನು ಬಟ್ಟೆಯ ಮೇಲೆ ಹರಡಿ ಒಣಗಿಸುವುದನ್ನು ಮಾತ್ರ ಮರೆಯಬೇಡಿ.

ಸೇಬನ್ನು ಕೊನೆಯಲ್ಲಿ ಹೆಚ್ಚಿ. ಚಾಕು ತಾಗಿದಲ್ಲಿ ಜೀವಕೋಶಗಳು ಒಡೆದು, ಅದರೊಳಗಿನ ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಹಣ್ಣಿನ ಫೀನಾಲ್ ಅಂಶಗಳನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ನಿಂಬೆರಸದ ಹುಳಿ ಆ ಕಿಣ್ವದ ವೇಗವನ್ನು ಕುಗ್ಗಿಸುವುದರಿಂದ, ಎರಡು ಸೇಬಿನ ಹೋಳುಗಳಿಗೆ ಒಂದು ದೊಡ್ಡ ಚಮಚ ರಸವನ್ನು ಕೂಡಲೇ ಸವರಿ. ಹುಳಿ ಬೇಡವೆನ್ನುವವರು ಒಂದು ಲೀಟರ್ ನೀರಿಗೆ ಅರ್ಧ ಸಣ್ಣ ಚಮಚ ಉಪ್ಪು ಕರಗಿಸಿ, ಅದರಲ್ಲಿ ಹೋಳುಗಳನ್ನು ಐದು ನಿಮಿಷ ನೆನೆಸಿ, ತೊಳೆದು ಒರೆಸಬಹುದು.

ಸಕ್ಕರೆ ಹಾಕುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಸಕ್ಕರೆಯಾಗಲಿ ಉಪ್ಪಾಗಲಿ ಹಣ್ಣಿನೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತವೆ. ಮಾಗಿದ ಹಣ್ಣಿಗೆ ಅದರ ಅಗತ್ಯವೂ ಇಲ್ಲ. ಎತ್ತಿಟ್ಟ ಕಿತ್ತಳೆ ರಸದಲ್ಲಿ ಎರಡು ದೊಡ್ಡ ಚಮಚದಷ್ಟನ್ನು ತೆಗೆದುಕೊಂಡು, ಒಂದು ಸಣ್ಣ ಚಮಚ ಜೇನು ಮತ್ತು ಚಿಟಿಕೆ ದಾಲ್ಚಿನ್ನಿ ಪುಡಿ ಕಲಸಿ, ಬಡಿಸುವ ಮುನ್ನ ಹಣ್ಣುಗಳ ಮೇಲೆ ಹಾಕಿ.

ಬೀಜಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಹುರಿಯದ ಬೀಜ ಈ ಸಲಾಡ್‌ಗೆ ರುಚಿ ಕೊಡುವುದಿಲ್ಲ. ಸಣ್ಣ ಉರಿಯಲ್ಲಿ, ಎಣ್ಣೆಯಿಲ್ಲದ ಬಾಣಲೆಯಲ್ಲಿ ಕೈಯಾಡಿಸುತ್ತಾ ಘಮ ಬರುವವರೆಗೆ ಹುರಿಯಿರಿ. ಒವನ್ ಇದ್ದರೆ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 10 ನಿಮಿಷ ಸಾಕು. ಒಲೆಯಿಂದ ಇಳಿಸಿದಾಗ ಮೆತ್ತಗಿದ್ದರೂ ಆರಿದ ಮೇಲೆ ಅವು ಗರಿಗರಿಯಾಗುತ್ತವೆ, ಆದ್ದರಿಂದ ಬಿಸಿಯಾಗಿರುವಾಗಲೇ ಬೆರೆಸುವುದು ದೊಡ್ಡ ತಪ್ಪು. ಅಕ್ರೋಟನ್ನು ಬಿಸಿಯಿರುವಾಗ ಒರಟು ಬಟ್ಟೆಯಲ್ಲಿ ಉಜ್ಜಿದರೆ ಒಗರಿರುವ ತೆಳು ಸಿಪ್ಪೆ ಬಹುಪಾಲು ಉದುರುತ್ತದೆ. ಅದರ ಎಣ್ಣೆ ಬೇಗ ಕಮಟುವುದರಿಂದ ಹುರಿಯುವ ಮೊದಲು ಒಂದನ್ನು ಬಾಯಿಗೆ ಹಾಕಿ ನೋಡಿ, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಎಲೆಯ ಮೇಲೆ ಬಡಿಸಲಿ, ಬಟ್ಟಲಲ್ಲಿ ಕೊಡಲಿ, ಬೀಜಗಳು ಎಲ್ಲಕ್ಕಿಂತ ಮೇಲೆ, ಕಟ್ಟಕಡೆಗೆ ಬೀಳಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಪುಡಿಮಾಡಿ ಕೊಡಿ. ಅತಿಥಿಗಳಲ್ಲಿ ಯಾರಿಗಾದರೂ ಬೀಜಗಳ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಇದಕ್ಕೆ ಕಿವಿ ಹಣ್ಣು ಮತ್ತು ಮೊಸರು ಸೇರಿಸಿದಾಗ ಕಹಿಯಾಯಿತು. ಮೊಸರು ಕೆಟ್ಟಿತ್ತೇ?

ಉತ್ತರ: ಮೊಸರು ಚೆನ್ನಾಗಿದ್ದರೂ ಹೀಗಾಗುತ್ತದೆ. ಹಸಿ ಕಿವಿ ಹಣ್ಣಿನಲ್ಲಿರುವ ಆಕ್ಟಿನಿಡಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಸ್ವಲ್ಪ ಹೊತ್ತಿನಲ್ಲೇ ಕಹಿ ಹುಟ್ಟುತ್ತದೆ. ಹಸಿ ಅನಾನಸ್ ಕೂಡ ಹಾಗೆಯೇ. ಮೊಸರನ್ನು ಬೇರೆ ಬಟ್ಟಲಲ್ಲಿಟ್ಟು, ತಿನ್ನುವಾಗ ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ.